ರೂಮಿಗೊಂದು ರೌಟರ್ ತೆಗೆಯುವ ಮೊದಲು

ಕಳೆದ ತಿಂಗಳು ಒಟಿಪಿ ಮೋಸದ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಮಾತಾಡಿಸಿದವರಲ್ಲಿ ಅರ್ಧ ಜನ ಒಟಿಪಿ ಸುದ್ದಿಯೇ ಎತ್ತಲಿಲ್ಲ. "ಅದೆಲ್ಲ ಸರಿ ಮಾರಾಯ್ರೆ, ನಮ್ಮ ರೂಮಿನ ವೈಫೈಗೆ ಒಂದು ದಾರಿ ಹೇಳಿ" ಅಂತ ಕೇಳಿದರು. ಸಿನಾಯಿಯಾ ಕಡೆಯ ಕ್ಯಾಂಪಿನವರೂ ಕೇಳಿದರು, ಬಲದ್ ಕಡೆ ಫ್ಲ್ಯಾಟ್ ಹಂಚಿಕೊಂಡು ಇರುವವರೂ ಕೇಳಿದರು, ಫ್ಯಾಮಿಲಿ ಕರೆಸಿಕೊಂಡವರೂ ಕೇಳಿದರು. ಪ್ರಶ್ನೆ ಒಂದೇ: ಯಾವ ರೌಟರ್ ತೆಗೀಬೇಕು?

ನಾವು ಇಂಜಿನಿಯರುಗಳಲ್ಲ. ಆದರೆ ಈ ವಿಷಯದಲ್ಲಿ ಸಾಕಷ್ಟು ರಿಯಾಲ್ ಕಳೆದುಕೊಂಡಿದ್ದೇವೆ, ಹಾಗಾಗಿ ನಾಲ್ಕು ಮಾತು ಹೇಳುವ ಧೈರ್ಯ ಬಂದಿದೆ.

ನಮ್ಮದು ನಾಲ್ಕನೇ ಮಾಳಿಗೆ, ಮೂರು ಕೋಣೆ, ಒಂಬತ್ತು ಜನ. ತಲೆಗಿಷ್ಟು ಅಂತ ಹಾಕಿ ಅಂಗಡಿಯಲ್ಲಿ ಕಂಡ ಅತಿ ಕಡಿಮೆ ಬೆಲೆಯ ಪೆಟ್ಟಿಗೆ ತಂದಿದ್ದೆವು. ಹಗಲು ಚೆನ್ನಾಗಿಯೇ ನಡೆಯುತ್ತಿತ್ತು, ಯಾಕೆಂದರೆ ಹಗಲು ಎಲ್ಲರೂ ಡ್ಯೂಟಿಯಲ್ಲಿ. ರಾತ್ರಿ ಎಂಟಾದ ಮೇಲೆ ಅದರ ಬಣ್ಣ ಗೊತ್ತಾಗುತ್ತಿತ್ತು. ಒಂದು ರಾತ್ರಿ ವಿಟ್ಲ ಕಡೆಯ ನಮ್ಮ ಜೊತೆಗಾರನ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ ಮಾಡಬೇಕೋ ಬೇಡವೋ ಅಂತ ಡಾಕ್ಟರು ವಿಡಿಯೋ ಕಾಲಿನಲ್ಲಿ ಇವನಿಗೇ ವಿವರಿಸುತ್ತಿದ್ದರು, ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ಗಂಡಸು ಬೇರೆ ಯಾರೂ ಇರಲಿಲ್ಲ. ಮೂರು ಸಲ ಕಾಲ್ ಸಿಕ್ಕಿತು, ಮೂರು ಸಲವೂ ಡಾಕ್ಟರ ಮುಖ ಅರ್ಧ ಬಾಯಿ ತೆರೆದಲ್ಲೇ ನಿಂತುಬಿಟ್ಟಿತು. ಕೊನೆಗೆ ಆತ ಚಪ್ಪಲಿಯನ್ನೂ ಹಾಕಿಕೊಳ್ಳದೆ ನಾಲ್ಕು ಮಾಳಿಗೆ ಇಳಿದು ರಸ್ತೆಗೆ ಹೋಗಿ, ಮೊಬೈಲ್ ಡೇಟಾ ಹಾಕಿ, ಬಕಾಲದ ಎದುರು ನಿಂತು ಮಾತಾಡಿದ. ಅಮ್ಮ ಈಗ ಮನೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಆ ರಾತ್ರಿ ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ನಮ್ಮಲ್ಲೇ ಇಬ್ಬರು ಕ್ರಿಕೆಟ್ ಹೈಲೈಟ್ಸ್ ನೋಡುತ್ತಿದ್ದೆವು ಅಂತ ಮರುದಿನ ಗೊತ್ತಾದಾಗ ಯಾರೂ ಯಾರ ಮುಖ ನೋಡಲಿಲ್ಲ.

ಹಳಬರು ನಗಬಹುದು. ಅವರ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು, ಆಮೇಲೆ ಫೋನ್ ಕಾರ್ಡ್ ಗೀಚಿ ನಂಬರ್ ಒತ್ತಿ ನಿಮಿಷ ಎಣಿಸುತ್ತಿದ್ದರು. ಇಂಟರ್ನೆಟ್ ಕರೆಗಳ ಮೇಲಿದ್ದ ನಿಷೇಧವನ್ನು ಇಲ್ಲಿಯ ಸರ್ಕಾರ ತೆಗೆದದ್ದು 2017ರ ಸೆಪ್ಟೆಂಬರಿನಲ್ಲಿ. ಆಮೇಲೂ ವಾಟ್ಸಾಪ್ ಕರೆ ಬಹಳ ಕಾಲ ಹೋಗುತ್ತಿರಲಿಲ್ಲ, ಊರಿನಲ್ಲಿ ಅಮ್ಮಂದಿರಿಗೆಲ್ಲ ಇಮೋ ಕಲಿಸಿದ್ದು ಅದೇ ಕಾರಣಕ್ಕೆ. ಅಷ್ಟು ಕಷ್ಟಪಟ್ಟು ಸಿಕ್ಕಿದ ಸೌಲಭ್ಯ ನಮ್ಮದೇ ರೂಮಿನ ಗೋಡೆ ದಾಟದಿದ್ದರೆ ಹೇಗೆ?

ಮೊದಲನೆಯ ಮಾತು. ರೌಟರ್ ಕೊಳ್ಳುವ ಮೊದಲು ಮನೆಯ ಒಳಗೆ ಇಂಟರ್ನೆಟ್ ಹೇಗೆ ಬರುತ್ತದೆ ಅಂತ ನೋಡಿ. ಎರಡೇ ದಾರಿ. ಒಂದು ಫೈಬರ್, ಗೋಡೆಯಿಂದ ತೆಳ್ಳಗಿನ ತಂತಿ ಬಂದು ಒಂದು ಬಿಳಿ ಪೆಟ್ಟಿಗೆಗೆ ಸೇರುತ್ತದೆ. ಇನ್ನೊಂದು ಸಿಮ್ ಹಾಕುವ 4ಜಿ ಅಥವಾ 5ಜಿ ರೌಟರ್. ನಿಮ್ಮ ಬಿಲ್ಡಿಂಗಿಗೆ ಫೈಬರ್ ಬಂದಿದೆಯೋ ಇಲ್ಲವೋ ಅಂತ ಹಾರಿಸ್‌ನನ್ನು ಕೇಳಿದರೆ ಸಾಲದು. ಬಾಗಿಲ ಹತ್ತಿರ ಇರುವ ಹಸಿರು ಬೋರ್ಡಿನ ನ್ಯಾಷನಲ್ ಅಡ್ರೆಸ್, ಅಂದರೆ ನಾಲ್ಕು ಅಕ್ಷರ ನಾಲ್ಕು ಅಂಕಿಯ ಆ ಚಿಕ್ಕ ವಿಳಾಸ, ಅದನ್ನು ಬರೆದುಕೊಂಡು ಎಸ್‌ಟಿಸಿ, ಮೊಬೈಲಿ, ಝೈನ್ ಮೂರೂ ಕಡೆ ವಿಚಾರಿಸಿ. ಫೈಬರ್ ಇದ್ದು, ನೀವು ಆ ಮನೆಯಲ್ಲಿ ಒಂದೆರಡು ವರ್ಷ ಇರುವುದು ಖಚಿತವಿದ್ದರೆ ಫೈಬರ್ ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ. ಮನೆ ಬದಲಾಯಿಸುತ್ತಾ ಇರುವವರಿಗೆ ಸಿಮ್ ರೌಟರೇ ಸರಿ, ಹೆಗಲ ಚೀಲಕ್ಕೆ ಹಾಕಿಕೊಂಡು ಹೋಗಬಹುದು.

ಕಂಪನಿ ಕ್ಯಾಂಪಿನವರು ಮೊದಲು ಕ್ಯಾಂಪ್ ಬಾಸನ್ನು ಕೇಳಿ. ಸ್ವಂತ ರೌಟರ್ ಇಡಲು ಬಿಡದ ಕ್ಯಾಂಪುಗಳಿವೆ, ತಂದ ಮೇಲೆ ಕಿತ್ತುಕೊಂಡರೆ ದುಡ್ಡು ಯಾರೂ ಕೊಡುವುದಿಲ್ಲ.

ಸಿಮ್ ರೌಟರಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ರೂಮಿನಲ್ಲಿ ಪ್ಲಗ್ ಎಲ್ಲಿದೆಯೋ ಅಲ್ಲಿ ಇಡುತ್ತೇವೆ. ಅದು ಟವರಿನಿಂದ ಸಿಗ್ನಲ್ ಹಿಡಿಯಬೇಕು, ಹಾಗಾಗಿ ಟವರ್ ಇರುವ ದಿಕ್ಕಿನ ಕಿಟಕಿಯ ಹತ್ತಿರ ಇರಬೇಕು. ಯಾವ ದಿಕ್ಕು ಅಂತ ತಿಳಿಯಲು ಸುಲಭ ಉಪಾಯ ಉಂಟು. ರೌಟರಿನ ಅಡಿಯ ಸ್ಟಿಕ್ಕರಿನಲ್ಲಿ 192.168.1.1 ಅಥವಾ 192.168.8.1 ತರದ ಒಂದು ನಂಬರ್ ಇರುತ್ತದೆ. ಮೊಬೈಲಿನ ಬ್ರೌಸರಿನಲ್ಲಿ ಅದನ್ನು ಹೊಡೆದರೆ ರೌಟರಿನ ಪುಟ ತೆರೆಯುತ್ತದೆ. ಅದರಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಅಂಕಿ ಇರುತ್ತದೆ, ಮೈನಸ್ಸಿನಲ್ಲಿ. ಮೈನಸ್ 80ರ ಆಸುಪಾಸು ಇದ್ದರೆ ಬಹಳ ಒಳ್ಳೆಯದು, 90ರ ತನಕ ಪರವಾಗಿಲ್ಲ, 100 ದಾಟಿದರೆ ಕಷ್ಟ. ಅದರ ಪಕ್ಕ ಎಸ್‌ಐಎನ್‌ಆರ್ ಅಂತ ಇನ್ನೊಂದು, ಅದು ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು, 20ರ ಮೇಲಿದ್ದರೆ ಹಬ್ಬ, ಸೊನ್ನೆಗಿಂತ ಕೆಳಗೆ ಹೋದರೆ ಸಿಗ್ನಲ್ ಕಡ್ಡಿ ಎಷ್ಟೇ ತೋರಿಸಿದರೂ ಪ್ರಯೋಜನವಿಲ್ಲ. ಒಬ್ಬರು ರೌಟರ್ ಹಿಡಿದು ಕಿಟಕಿಯಿಂದ ಕಿಟಕಿಗೆ ಹೋಗಿ, ಇನ್ನೊಬ್ಬರು ಅಂಕಿ ಓದಿ. ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆ ಕಿಟಕಿಗೂ ಹಾಲ್ ಕಿಟಕಿಗೂ 17 ಅಂಕಿ ವ್ಯತ್ಯಾಸ ಬಂತು. ಅದೇ ರೌಟರ್, ಅದೇ ಸಿಮ್.

ಆದರೆ ಯಾನ್ಬುವಿನ ಕಿಟಕಿ ಅಂದರೆ ಬಿಸಿಲು. ಮನೆಗೆ ಮಾಡಿದ ರೌಟರುಗಳಲ್ಲಿ ಹೆಚ್ಚಿನವು 40 ಡಿಗ್ರಿಯ ತನಕ ಮಾತ್ರ ಅಂತ ಕಂಪನಿಯವರೇ ಬರೆದಿರುತ್ತಾರೆ. ಇಲ್ಲಿ ಬೇಸಿಗೆಯಲ್ಲಿ ನೆರಳಲ್ಲೇ ಅದಕ್ಕಿಂತ ಮೇಲೆ ಹೋಗುತ್ತದೆ, ಗಾಜಿನ ಹಿಂದೆ ಬಿಸಿಲು ಬೀಳುವ ಜಾಗದ ಕತೆ ಕೇಳಲೇಬೇಡಿ. ಕಾದ ರೌಟರ್ ಮೊದಲು ನಿಧಾನ ಆಗುತ್ತದೆ, ಆಮೇಲೆ ತಾನೇ ಆಫ್ ಆಗಿ ಆನ್ ಆಗುತ್ತದೆ, ನಾವು ಸಿಮ್ ಕಂಪನಿಗೆ ಬೈಯುತ್ತೇವೆ. ಕಿಟಕಿಯ ಪಕ್ಕದ ಗೋಡೆಗೆ, ಪರದೆಯ ಈಚೆ, ಬಿಸಿಲು ಬೀಳದಂತೆ ಒಂದು ಹಲಗೆ ಹೊಡೆದು ಅದರ ಮೇಲೆ ಇಡಿ. ಫ್ರಿಜ್ ಮೇಲೆ ಬೇಡ, ಕಪಾಟಿನ ಒಳಗೆ ಬೇಡ, ಎಸಿಯ ನೀರು ತೊಟ್ಟಿಕ್ಕುವ ಕಡೆ ಬೇಡ. ತಿಂಗಳಿಗೊಮ್ಮೆ ಧೂಳು ಒರೆಸಿ, ಕಡಲ ಗಾಳಿಯ ಉಪ್ಪು, ಮರಳು ಎರಡೂ ಆ ಸಣ್ಣ ತೂತುಗಳಲ್ಲಿ ಕೂರುತ್ತದೆ.

ಇನ್ನು ಅಂಗಡಿಗೆ ಹೋಗೋಣ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಎಸಿ 1200, ಎಎಕ್ಸ್ 1500, ಎಎಕ್ಸ್ 3000 ಅಂತ ಬರೆದಿರುತ್ತದೆ. ಅಂಗಡಿಯವನು "1200 ಎಂಬಿ ಸ್ಪೀಡ್ ಸದೀಕ್" ಅನ್ನುತ್ತಾನೆ. ಅದು ಎರಡು ದಾರಿಯ ಲೆಕ್ಕ ಕೂಡಿಸಿದ್ದು. ವೈಫೈ ಎರಡು ದಾರಿಯಲ್ಲಿ ಹೋಗುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 1200ರಲ್ಲಿ 300 ಮೊದಲನೆಯದರದ್ದು, 867 ಎರಡನೆಯದರದ್ದು, ಕೂಡಿಸಿ ಮೇಲಕ್ಕೆ ಏರಿಸಿದ್ದಾರೆ. ನಿಮ್ಮ ಒಂದು ಮೊಬೈಲಿಗೆ ಅಷ್ಟು ಯಾವತ್ತೂ ಸಿಗುವುದಿಲ್ಲ. ಅದರ ಅಗತ್ಯವೂ ಇಲ್ಲ.

ನೋಡಬೇಕಾದ್ದು ಬೇರೆ. ಎರಡೂ ದಾರಿ ಇದೆಯಾ, ಅಂದರೆ ಡ್ಯುಯಲ್ ಬ್ಯಾಂಡ್ ಅಂತ ಬರೆದಿದೆಯಾ? 2.4 ಮಾತ್ರ ಇರುವ ಪೆಟ್ಟಿಗೆ ಇವತ್ತು ಪುಕ್ಕಟೆ ಕೊಟ್ಟರೂ ಬೇಡ, ನಾವು ತಂದು ಪಶ್ಚಾತ್ತಾಪಪಟ್ಟದ್ದು ಅದನ್ನೇ. ಫೈಬರ್ ಇದ್ದವರು ಹಿಂದಿನ ತಂತಿ ಚುಚ್ಚುವ ಪೋರ್ಟ್ ಗಿಗಾಬಿಟ್ ಹೌದೋ ಅಂತ ಕೇಳಿ. ಕಡಿಮೆ ಬೆಲೆಯವುಗಳಲ್ಲಿ ಅದು 100 ಎಂಬಿಪಿಎಸ್‌ನದ್ದೇ ಇರುತ್ತದೆ. 300ರ ಪ್ಯಾಕೇಜಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ 100ರ ಬಾಗಿಲಲ್ಲಿ ನಿಂತ ಹಾಗೆ ಆಗುತ್ತದೆ. ಮೂರನೆಯದು ವೈಫೈ 6. ಇದು 2019ರಿಂದ ಬಂದದ್ದು, ಪೆಟ್ಟಿಗೆಯಲ್ಲಿ ಎಎಕ್ಸ್ ಅಂತ ಇದ್ದರೆ ಅದೇ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಇದರಿಂದ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ನಮ್ಮ ಹಾಗೆ ಒಂಬತ್ತು ಜನ, ಹದಿನೈದು ಫೋನು, ಎರಡು ಟಿವಿ ಇದ್ದಲ್ಲಿ ಇದೇ ಬೇಕು. ಹಳೆಯ ರೌಟರ್ ಒಂದು ಸಲಕ್ಕೆ ಒಬ್ಬನಿಗೆ ಬಡಿಸುವ ಹಾಗೆ, ಉಳಿದವರು ಎಲೆ ಹಾಕಿ ಕಾಯಬೇಕು. ವೈಫೈ 6 ಒಂದೇ ಸುತ್ತಿನಲ್ಲಿ ನಾಲ್ಕಾರು ಜನರಿಗೆ ಸ್ವಲ್ಪ ಸ್ವಲ್ಪ ಬಡಿಸುತ್ತದೆ. ಹಳೆಯ ಫೋನುಗಳೂ ಅದಕ್ಕೆ ಸೇರಿಕೊಳ್ಳುತ್ತವೆ, ಪೂರ್ತಿ ಲಾಭ ಮಾತ್ರ ಹೊಸ ಫೋನುಗಳಿಗೆ.

ಕೊಂಬು ಎಷ್ಟಿದೆ ಅಂತ ಎಣಿಸಬೇಡಿ. ಆರು ಕೊಂಬಿನ ಏಡಿಯಂತ ರೌಟರ್ ನೋಡಿ ನಮ್ಮ ಉಡುಪಿಯ ಅಣ್ಣ ಮರುಳಾಗಿ ತಂದರು, ಅದರ ಒಳಗೆ ಇದ್ದದ್ದು ಎಲ್ಲರಿಗೂ ಇರುವುದೇ. ಜರೀರ್, ಎಕ್ಸ್‌ಟ್ರಾ ತರದ ದೊಡ್ಡ ಅಂಗಡಿಯಲ್ಲಿ ತೆಗೆದರೆ ಒಂದೆರಡು ಕಾಸು ಹೆಚ್ಚಾದೀತು, ಆದರೆ ಬಿಲ್ ಕೊಡುತ್ತಾರೆ. 15 ಶೇಕಡಾ ವ್ಯಾಟ್ ಕಟ್ಟುವುದು ಹೇಗೂ ತಪ್ಪಿದ್ದಲ್ಲ, ಬಿಲ್ ಇದ್ದರೆ ವಾರಂಟಿಯಾದರೂ ಕೇಳಬಹುದು. ಬಿಲ್ಲಿನ ಫೋಟೋ ತೆಗೆದಿಡಿ, ಆ ಕಾಗದದ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ.

ಎಕ್ಸಿಟ್ ಹೋಗುವವರು ಮಾರುವ ಸೆಕೆಂಡ್ ಹ್ಯಾಂಡ್ ರೌಟರ್ ಕೆಟ್ಟದ್ದೇನಲ್ಲ. ಒಂದೇ ಶರತ್ತು: ನಿಮ್ಮ ಸ್ವಂತ ಸಿಮ್ ಅದರಲ್ಲಿ ಹಾಕಿ, ಅವರ ಮುಂದೆಯೇ ವಿಡಿಯೋ ನೋಡಿ, ಆಮೇಲೆ ದುಡ್ಡು ಕೊಡಿ. ಒಂದು ಕಂಪನಿಯ ರೌಟರ್ ಇನ್ನೊಂದು ಕಂಪನಿಯ ಸಿಮ್ ತೆಗೆದುಕೊಳ್ಳದೆ ಲಾಕ್ ಆಗಿರುವುದು ಮಾಮೂಲು. ತಂದ ಮೇಲೆ ಹಿಂದಿನ ಸೂಜಿ ತೂತಿನಲ್ಲಿ ಹತ್ತು ಸೆಕೆಂಡು ಒತ್ತಿ ರೀಸೆಟ್ ಮಾಡಿ, ಹಳೆಯವರ ಪಾಸ್‌ವರ್ಡ್ ಎಲ್ಲ ಹೋಗಲಿ.

ಒಂಬತ್ತು ಜನರಿಗೆ ಎಷ್ಟು ಸ್ಪೀಡ್ ಬೇಕು? ಒಂದು ವಿಡಿಯೋ ಕಾಲಿಗೆ ಹೋಗುವ ಬರುವ ಎರಡೂ ಕಡೆ ಹೆಚ್ಚೂ ಕಡಿಮೆ 1 ಎಂಬಿಪಿಎಸ್ ಸಿಕ್ಕಿದರೆ ಮುಖ ಚೆನ್ನಾಗಿ ಕಾಣುತ್ತದೆ. ಚೊಕ್ಕವಾಗಿ ಸಿನಿಮಾ ನೋಡಲು 5 ಬೇಕು, 4ಕೆ ಟಿವಿಗೆ 15. ಎಲ್ಲರೂ ಒಟ್ಟಿಗೆ ಕೂತರೂ 50ರಲ್ಲಿ ಮುಗಿಯುತ್ತದೆ. ಹಾಗಿದ್ದರೂ ಕಾಲ್ ಯಾಕೆ ನಿಲ್ಲುತ್ತದೆ ಅಂದರೆ, ಯಾರೋ ಒಬ್ಬರ ಫೋನ್ ಆ ಹೊತ್ತಿಗೇ ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿರುತ್ತದೆ, ಇನ್ನೊಬ್ಬರದ್ದು ಅಪ್‌ಡೇಟ್ ಇಳಿಸುತ್ತಿರುತ್ತದೆ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮಕ್ಕಳು ಮಲಗುವ ಮೊದಲು ಮಾತಾಡಬೇಕು ಅಂದರೆ ಎಲ್ಲರಿಗೂ ಸಿಗುವುದು ಸಂಜೆಯ ಅದೇ ಒಂದು ಗಂಟೆ. ಕ್ಯೂಒಎಸ್ ಅಂತ ಒಂದು ಸೌಲಭ್ಯ ಕೆಲವು ರೌಟರಿನಲ್ಲಿದೆ, ಅದರಲ್ಲಿ ಒಂದೊಂದು ಫೋನಿಗೆ, ಟಿವಿಗೆ ಇಷ್ಟೇ ಅಂತ ಮಿತಿ ಹಾಕಬಹುದು. ಕೊಳ್ಳುವಾಗ ಅದು ಇರುವುದನ್ನೇ ನೋಡಿ. ನಾವು ಟಿವಿಗಳಿಗೆ ಮಿತಿ ಹಾಕಿದೆವು. ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ಅಡುಗೆಮನೆ ಬಾಗಿಲಿಗೆ ಅಂಟಿಸಿದ ಒಂದು ಚೀಟಿ: ಏಳರಿಂದ ಒಂಬತ್ತು ಡೌನ್‌ಲೋಡ್ ಇಲ್ಲ.

ಗೋಡೆಯ ಮಾತು ಬೇಗ ಹೇಳುತ್ತೇವೆ. 2.4 ದೂರ ಹೋಗುತ್ತದೆ ಆದರೆ ಜನಜಂಗುಳಿ, 5 ವೇಗ ಆದರೆ ಎರಡು ಕಾಂಕ್ರೀಟ್ ಗೋಡೆ ದಾಟುವಾಗ ಸುಸ್ತು. ನಮ್ಮ ಬಿಲ್ಡಿಂಗಿನಲ್ಲಿ ಮೊಬೈಲ್ ತೆರೆದರೆ ಮೂವತ್ತು ವೈಫೈ ಹೆಸರು ಕಾಣುತ್ತದೆ, ಎಲ್ಲವೂ ಅದೇ 2.4ರಲ್ಲಿ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದವರು ಯಾವುದರಲ್ಲಿ ಕಡಿಮೆ ಇದ್ದಾರೋ ಅದಕ್ಕೆ ನಿಮ್ಮದನ್ನು ಹಾಕಿ. ಮೈಕ್ರೋವೇವ್ ಒಲೆಯೂ ಅದೇ 2.4ರ ಸುತ್ತಲೇ ಕೆಲಸ ಮಾಡುವುದು, ಯಾರೋ ಬಿರಿಯಾನಿ ಬಿಸಿ ಮಾಡಿದಾಗಲೆಲ್ಲ ಕಾಲ್ ಕಟ್ಟಾಗುವ ರಹಸ್ಯ ಇದು. ಪೋರ್ಟಾಕ್ಯಾಬಿನ್‌ನವರಿಗೆ ಗೋಡೆಯೇ ತಗಡು, ಒಂದು ಕ್ಯಾಬಿನ್ನಿನ ವೈಫೈ ಪಕ್ಕದ್ದಕ್ಕೆ ಸರಿಯಾಗಿ ಹೋಗುವುದಿಲ್ಲ. ಹೊರಗೆ ಆಂಟೆನಾ ಇಡಲು ಸಾಧ್ಯವಿರುವ ಸಿಮ್ ರೌಟರ್ ಅಂಥವರಿಗೆ ಒಳ್ಳೆಯದು. ಒಳಕೋಣೆಗೆ ಸಿಗದಿದ್ದರೆ ಪ್ಲಗ್ಗಿಗೆ ಚುಚ್ಚುವ ರಿಪೀಟರ್ ಎಲ್ಲರೂ ತರುತ್ತಾರೆ, ಕಡಿಮೆ ಬೆಲೆಯದ್ದು ಸ್ಪೀಡನ್ನು ಅರ್ಧ ಮಾಡಿ ಕೊಡುತ್ತದೆ. ಅದರ ಬದಲು ಒಂದು ಲ್ಯಾನ್ ಕೇಬಲ್ ಎಳೆದು, ಮೂಲೆಯಲ್ಲಿ ಬಿದ್ದಿರುವ ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ ಕೂರಿಸಿ. ಕೇಬಲ್ 100 ಮೀಟರ್ ತನಕ ಹೋಗುತ್ತದೆ, ನಮ್ಮ ಫ್ಲ್ಯಾಟ್ ಅಷ್ಟು ದೊಡ್ಡದಾಗಿದ್ದರೆ ಈ ಅಂಕಣ ಬರೆಯುತ್ತಲೇ ಇರಲಿಲ್ಲ.

ಈಗ ರೌಟರಿಗಿಂತ ದೊಡ್ಡ ವಿಷಯ. ಲೈನ್ ಯಾರ ಹೆಸರಿನಲ್ಲಿ?

ಹತ್ತು ಜನ ದುಡ್ಡು ಹಾಕಬಹುದು, ಇಕಾಮಾ ಒಬ್ಬನದ್ದೇ. ಸಾಮಾನ್ಯವಾಗಿ ರೂಮಿಗೆ ಕೊನೆಗೆ ಬಂದ ಹುಡುಗನ ತಲೆಗೆ ಕಟ್ಟುತ್ತೇವೆ, ಇಲ್ಲ ಅನ್ನಲು ಅವನಿಗೆ ನಾಚಿಕೆ. ನಮಗೆ ಗೊತ್ತಿರುವ ಒಬ್ಬ ಹುಡುಗ ಎರಡು ವರ್ಷದ ಕರಾರಿಗೆ ಬೆರಳಚ್ಚು ಕೊಟ್ಟ. ಎಂಟು ತಿಂಗಳಲ್ಲಿ ಪ್ರಾಜೆಕ್ಟ್ ಮುಗಿದು ರೂಮು ಖಾಲಿಯಾಯಿತು. ಒಬ್ಬರು ಜುಬೈಲಿಗೆ, ಇಬ್ಬರು ಊರಿಗೆ. ಇವನಿಗೆ ತಿಂಗಳ ಬಿಲ್ ಉಳಿಯಿತು. ಕಟ್ಟದೆ ಬಿಟ್ಟ ಟೆಲಿಕಾಂ ಬಾಕಿ ಸಿಮಾದ ಸಾಲದ ದಾಖಲೆಗೆ ಹೋಗುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಎಕ್ಸಿಟ್ ಹೊತ್ತಿಗೆ ಒಟ್ಟಿಗೆ ಕಟ್ಟಿ, ತಂಗಿಗೆ ಅಂತ ತೆಗೆದಿಟ್ಟದ್ದರಲ್ಲಿ ಅಷ್ಟು ಕಡಿಮೆ ಮಾಡಿಕೊಂಡು ವಿಮಾನ ಹತ್ತಿದ. ಹಾಗಾಗಿ ಕರಾರಿಲ್ಲದ ಪ್ರೀಪೇಯ್ಡ್ ಡೇಟಾ ಸಿಮ್ ಸ್ವಲ್ಪ ದುಬಾರಿ ಎನಿಸಿದರೂ ಬ್ಯಾಚುಲರ್ ರೂಮಿಗೆ ಅದೇ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ. ಕರಾರು ತೆಗೆದುಕೊಳ್ಳಲೇಬೇಕಾದರೆ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಸಹಿಗೆ ಮೊದಲೇ ಕೇಳಿ, ಹೊರಡುವವರ ಪಾಲು ಹೊರಡುವ ಮೊದಲೇ ತೆಗೆದುಕೊಳ್ಳಿ. ಲೈನ್ ಮುಚ್ಚಿದ ಮೇಲೆ ಮುಚ್ಚಿದ್ದಕ್ಕೆ ಮೆಸೇಜೋ ಕಾಗದವೋ ಕೈಗೆ ಬರುವ ತನಕ ಕೌಂಟರಿನಿಂದ ಏಳಬೇಡಿ.

ಹೆಸರಿನ ವಿಷಯಕ್ಕೆ ಇನ್ನೊಂದು ಮುಖವೂ ಇದೆ. 2007ರಲ್ಲಿ ಬಂದ ಇಲ್ಲಿಯ ಸೈಬರ್ ಅಪರಾಧ ಕಾನೂನು ಸಣ್ಣದಲ್ಲ. ಧರ್ಮ, ಸಾರ್ವಜನಿಕ ಶಿಸ್ತು, ನೀತಿ, ಇನ್ನೊಬ್ಬರ ಖಾಸಗಿತನ ಇವುಗಳಿಗೆ ಧಕ್ಕೆಯಾಗುವಂಥದ್ದನ್ನು ತಯಾರಿಸಿ ಹರಡಿದರೆ 5 ವರ್ಷದ ತನಕ ಜೈಲು, 30 ಲಕ್ಷ ರಿಯಾಲ್ ತನಕ ದಂಡ ಬೀಳಬಹುದು. ಪಕ್ಕದ ಫ್ಲ್ಯಾಟಿನ ಯಾರೋ ನಿಮ್ಮ ವೈಫೈಯಿಂದ ಏನೋ ಹಾಕಿದರೆ, ಪೊಲೀಸರು ಮೊದಲು ಕೇಳುವುದು ಲೈನ್ ಯಾರ ಇಕಾಮಾದಲ್ಲಿದೆ ಅಂತ. ಅದಕ್ಕೇ ರೌಟರ್ ತಂದ ದಿನವೇ ಕೂತು ಇಷ್ಟು ಮಾಡಿ. ರೌಟರಿನ ಒಳಪುಟಕ್ಕೆ ಹೋಗುವ ಪಾಸ್‌ವರ್ಡ್ ಬದಲಾಯಿಸಿ, ಅಡ್ಮಿನ್ ಅಡ್ಮಿನ್ ಅಂತ ಬಿಡಬೇಡಿ. ವೈಫೈ ಪಾಸ್‌ವರ್ಡ್ ಉದ್ದ ಇರಲಿ, ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3ರಲ್ಲಿ ಇರಲಿ. ಡಬ್ಲ್ಯೂಪಿಎಸ್ ಅನ್ನುವ ಬಟನ್ ಸೌಲಭ್ಯ ಮುಚ್ಚಿಬಿಡಿ. ಬಂದುಹೋಗುವವರಿಗೆ ಗೆಸ್ಟ್ ಅಂತ ಬೇರೆ ಹೆಸರು ಇಟ್ಟು ಕೊಡಿ. ಯಾರಾದರೂ ರೂಮು ಬಿಟ್ಟ ದಿನ ಪಾಸ್‌ವರ್ಡ್ ಬದಲಾಯಿಸಿ, ಅವರು ಒಳ್ಳೆಯವರೇ ಇರಬಹುದು, ಆದರೂ. ಪುಕ್ಕಟೆ ವಿಪಿಎನ್‌ಗಳ ಸಹವಾಸ ಬೇಡ, ಬ್ಯಾಂಕ್ ಆ್ಯಪ್ ಇರುವ ಫೋನಿನಲ್ಲಂತೂ ಬೇಡವೇ ಬೇಡ.

ಇಷ್ಟೆಲ್ಲ ಮಾಡಿಯೂ ಕಾಲ್ ನಿಂತರೆ? ಕಾಲಿಗೆ ಎರಡು ತುದಿ ಇದೆ ಅನ್ನುವುದು ನಮಗೆ ನೆನಪಿರುವುದಿಲ್ಲ. ನಾವು ಇಲ್ಲಿ ಒಳ್ಳೆಯ ರೌಟರ್ ತಂದು ಕೂರಿಸಿದ ಮೇಲೂ ವಿಟ್ಲದ ಮನೆಗೆ ಕಾಲ್ ತುಂಡಾಗುತ್ತಿತ್ತು. ರಜೆಗೆ ಹೋದಾಗ ನೋಡಿದರೆ ರೌಟರ್ ಚಾವಡಿಯ ಗೋಡೆಯಲ್ಲಿ, ಅಮ್ಮ ಕೂರುವುದು ಹಿಂದಿನ ಅಡುಗೆಮನೆಯಲ್ಲಿ, ನಡುವೆ ಮುರಕಲ್ಲಿನ ಎರಡು ದಪ್ಪ ಗೋಡೆ. ಒಂದು ಕೇಬಲ್ ಎಳೆದು ನಡುಮನೆಗೆ ತಂದಿಟ್ಟ ಮೇಲೆ ಸರಿಯಾಯಿತು. ಮಳೆಗಾಲದಲ್ಲಿ ಕರಾವಳಿಯಲ್ಲಿ ಸಿಡಿಲು ಬರುವಾಗ ಪ್ಲಗ್ ಕಿತ್ತಿಡುವುದು ಸರಿಯೇ, ಹಾಗೇ ಮಾಡಲಿ. ಆದರೆ ಬರೀ ಕರೆಂಟ್ ಹೋದಾಗ ವೈಫೈ ಸಾಯಬೇಕಾಗಿಲ್ಲ, ರೌಟರಿಗೆ ಅಂತಲೇ ಸಣ್ಣ ಯುಪಿಎಸ್ ಊರಿನಲ್ಲೇ ಸಿಗುತ್ತದೆ. ಇಲ್ಲಿ ರೌಟರಿಗೆ ಖರ್ಚು ಮಾಡುವುದರಲ್ಲಿ ಒಂದು ಪಾಲು ಅಲ್ಲಿಗೆ ಹೋಗಲಿ.

ಎರಡೂ ತುದಿ ಸರಿಯಿದ್ದು ನಡುವೆಯೇ ಕೆಡುವುದೂ ಉಂಟು. 2025ರ ಸೆಪ್ಟೆಂಬರ್ 6ರಂದು ಜೆದ್ದಾದ ಹತ್ತಿರ ಕೆಂಪು ಸಮುದ್ರದ ತಳದ ಕೇಬಲ್ ತುಂಡಾಗಿ ಭಾರತ, ಪಾಕಿಸ್ತಾನ, ಕೊಲ್ಲಿ ದೇಶಗಳ ತನಕ ಇಂಟರ್ನೆಟ್ ನಿಧಾನವಾಯಿತಲ್ಲ, ಅಂಥ ದಿನ ರೌಟರನ್ನು ಹತ್ತು ಸಲ ಆಫ್ ಆನ್ ಮಾಡಿ ಪ್ರಯೋಜನವಿಲ್ಲ. ಇಲ್ಲಿಯದೇ ಸೈಟುಗಳು ಬೇಗ ತೆರೆದು, ಊರಿನದ್ದು ಮಾತ್ರ ತಡವಾದರೆ ತಪ್ಪು ನಮ್ಮ ಪೆಟ್ಟಿಗೆಯದ್ದಲ್ಲ. ವಿಡಿಯೋ ಬಿಟ್ಟು ಬರೀ ಧ್ವನಿಯಲ್ಲಿ ಮಾತಾಡಿ, ಅಷ್ಟಕ್ಕೆ ದಾರಿ ಇರುತ್ತದೆ.

ರಜೆಗೆ ಹೋಗುವಾಗ ಹಳೆಯ ರೌಟರ್ ಊರಿಗೆ ಒಯ್ಯಬಹುದಾ ಅಂತ ಒಬ್ಬರು ಕೇಳಿದ್ದಾರೆ. ಬರೀ ವೈಫೈ ರೌಟರ್ ಆದರೆ ಧಾರಾಳ ಒಯ್ಯಿರಿ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಅಲ್ಲಿಯೂ ನಡೆಯುತ್ತದೆ, ಇಲ್ಲಿಯ ಚಪ್ಪಟೆ ಮೂರು ಕಡ್ಡಿಯ ಪ್ಲಗ್ಗಿಗೆ ಒಂದು ಕನ್ವರ್ಟರ್ ಬೇಕು ಅಷ್ಟೆ. ಸಿಮ್ ರೌಟರ್ ಆದರೆ ಮೊದಲು ಲಾಕ್ ಇದೆಯಾ ನೋಡಿ. ಲಾಕ್ ಇದ್ದರೆ ಲಗೇಜಿನಲ್ಲಿ ಆ ಜಾಗಕ್ಕೆ ಖರ್ಜೂರ ಹಾಕಿ.